ಕಾಣೆಯಾದ ಸುಳ್ಳು ಪದಗಳು

ಉಡ ಉದ್ದನೆಯ ಹೆಣಿಗೆ ಸೂಜಿಯನ್ನು ಕಾರ್ಡುಗಳ ಟ್ರೇಯೊಳಗೆ ಈ ತುದಿಯಿಂದ ಆ ತುದಿಗೆ ತೂರಿಸಿ, ಮೇಲೆತ್ತಿ, ನೆನೆದ ಕೋಳಿ ಮೈ ಕೊಡವಿದಂತೆ ಒಮ್ಮೆ ಕೊಡವಿದ. ಕಾರ್ಡುಗಳ ದೊಡ್ಡ ಗೊಂಚಲು ಸೂಜಿಗೇ ನೇತಾಡುತ್ತ ಉಳಿಯಿತು. ಒಂದು ಹಿಡಿಯಷ್ಟು ಮಾತ್ರ ಪಟಪಟನೆ ಮೇಜಿನ ಮೇಲೆ ಉದುರಿದವು.

ಉದುರಿದ್ದನ್ನು ಬಾಚಿಕೊಂಡು, ಪಕ್ಕದಲ್ಲಿ ತೆರೆದಿಟ್ಟಿದ್ದ ಕಳ್ಳ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿದ.

ಕ್ವಿಝ್, ರಸಪ್ರಶ್ನೆ. ಪುಸ್ತಕದಲ್ಲಿ ಇತ್ತು. ಕ್ವಾರ್ಟ್ಝ್, ಬೆಣಚುಕಲ್ಲು. ಇತ್ತು. ಸ್ಕ್ವೀಝ್, ಹಿಂಡುವುದು. ಅದೂ ಇತ್ತು, ಅರ್ಥದಲ್ಲಿ ಒಂದು ಚುಕ್ಕೆಯೂ ಆಚೀಚೆ ಆಗದೆ.

ಮುಂದಿನ ಕಾರ್ಡಿಗೆ ಬಂದಾಗ ಬೆರಳು ನಿಂತಿತು. ಪುಟ ಮುಂದಕ್ಕೆ ತಿರುಗಿಸಿದ. ಹಿಂದಕ್ಕೆ ತಿರುಗಿಸಿದ. ಕೊನೆಗೆ ಪುಸ್ತಕವನ್ನೇ ತಲೆಕೆಳಗು ಹಿಡಿದು ಅದನ್ನೂ ಕೊಡವಿದ, ಪದ ಎಲ್ಲಾದರೂ ಅಡಗಿದ್ದರೆ ಉದುರೀತೇನೋ ಎಂಬಂತೆ.

“ಇಲ್ಲ,” ಎಂದ ತನಗೇ. “ಸುಳ್ಳು ಪದ ಇಲ್ವೇ ಇಲ್ಲ!”

ಇಷ್ಟು ದಿನ ನಡೆದದ್ದು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು: ಭಾವ ಅರ್ಧ ಆಯಸ್ಸು ಸವೆಸಿ ಕಟ್ಟಿದ ಪದಗಳ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ, ಜಗಳಾಡಿ ಬಿಟ್ಟುಹೋಗಿದ್ದ ಅವರ ಹಳೇ ಶಿಷ್ಯ ಅದನ್ನೇ ತನ್ನ ಹೆಸರಿನಲ್ಲಿ ಅಚ್ಚು ಹಾಕಿ ಅಂಗಡಿಗೆ ತಂದಿದ್ದ, ಒಳಗಿನಿಂದ ಕದ್ದುಕೊಟ್ಟವರು ಯಾರೆಂದು ಹುಡುಕಲು ಭಾವ ಕರೆಸಿದ್ದು ಹೆಂಡತಿಯ ತಮ್ಮನಾದ ಈ ಉಡನನ್ನು.

ಪತ್ತೇದಾರಿಕೆಯಲ್ಲಿ ಹಿಡಿದ ಪಟ್ಟು ಬಿಡದವನೆಂದು ಪೇಟೆಯ ಜನ ಇಟ್ಟ ಹೆಸರು ಅದು. ಒಮ್ಮೆ ಕಳ್ಳನೊಬ್ಬನ ಅಂಗಿ ಹಿಡಿದನಂತೆ. ಕಳ್ಳ ಅಂಗಿ ಬಿಚ್ಚಿ ಓಡಿ, ಬೇರೆ ಊರು ಸೇರಿ, ಮದುವೆಯಾಗಿ, ಮಕ್ಕಳನ್ನು ಕಟ್ಟಿಕೊಂಡು ವಾಪಸ್ಸು ಬಂದಾಗಲೂ ಉಡ ಅದೇ ಮೂಲೆಯಲ್ಲಿ ಅಂಗಿ ಹಿಡಿದು ನಿಂತಿದ್ದನಂತೆ. ಅಂಗಿ ಮಾತ್ರ ಕಳ್ಳನಿಗೆ ಬಿಗಿಯಾಗಿತ್ತಂತೆ.

ಭಾವನ ಪುಸ್ತಕದ ಕೆಲಸ ಕೇಳಲು ಸುಲಭ, ಮಾಡಲು ಪ್ರಾಣ ಹೋಗುವಂಥದ್ದು. ಕೈಯಲ್ಲಿ ಇಂತಿಂಥ ಅಕ್ಷರ ಇವೆ, ಅವೆಲ್ಲ ಇರುವ ಇಂಗ್ಲಿಷ್ ಪದ ಯಾವುದು, ಅದರ ಅರ್ಥವೇನು? ಪದಬಂಧ ಬಿಡಿಸುವವರು, ಅಕ್ಷರದ ಬಿಲ್ಲೆ ಜೋಡಿಸಿ ಆಡುವವರು ಇದಕ್ಕಾಗಿ ತಲೆಕೂದಲು ಕಿತ್ತುಕೊಳ್ಳುತ್ತಾರೆ. ಅಂಥವರಿಗೆ ಈ ಪುಸ್ತಕ.

ಭಾವ ಅದಕ್ಕೊಂದು ದಾರಿ ಮಾಡಿಕೊಂಡಿದ್ದರು. ಪದಕ್ಕೊಂದು ಕಾರ್ಡು. ಕಾರ್ಡಿನ ಅಂಚಿನುದ್ದಕ್ಕೂ ಎ ಇಂದ ಝಡ್ ತನಕ ಅಕ್ಷರಕ್ಕೊಂದು ತೂತು. ಪದದಲ್ಲಿ ಯಾವ ಅಕ್ಷರ ಇದೆಯೋ ಆ ತೂತನ್ನು ಅಂಚಿನವರೆಗೆ ಕತ್ತರಿಸಿ ಬಾಯಿ ಬಿಡಿಸುವುದು. ಆಮೇಲೆ ಝಡ್ ತೂತಿಗೆ ಸೂಜಿ ತೂರಿಸಿ ಎತ್ತಿದರೆ ಝಡ್ ಇಲ್ಲದವು ಸೂಜಿಗೆ ನೇತುಬೀಳುತ್ತವೆ, ಝಡ್ ಇರುವವು ಬಾಯಿಂದ ಜಾರಿ ಉದುರುತ್ತವೆ. ಉದುರಿದ್ದಕ್ಕೆ ಮತ್ತೆ ಕ್ಯೂ ತೂತಿನಲ್ಲಿ ಸೂಜಿ ಹಾಕಿದರೆ ಎರಡೂ ಇರುವವು ಸಿಗುತ್ತವೆ. ಇಂಗ್ಲಿಷಿನಲ್ಲಿ ಅಕ್ಷರದ ಗುರುತು ಬಿಟ್ಟರೆ ಹೆಚ್ಚೇನೂ ತಿಳಿಯದ ಉಡನಿಗೂ ಸೂಜಿ ಹಿಡಿದ ಮೇಲೆ ಎರಡು ಕೊಂಬು ಬಂದಿದ್ದವು.

ಇನ್ನು ಸುಳ್ಳು ಪದದ ವಿಷಯ. ತಮ್ಮ ಪುಸ್ತಕವನ್ನು ಯಾರಾದರೂ ನಕಲು ಹೊಡೆದರೆ ಸಿಕ್ಕಿಬೀಳಲಿ ಎಂದು, ನಿಜವಾದ ಪದಗಳ ನಡುವೆ ಭಾವ ಕೆಲವು ಹುಸಿ ಪದಗಳನ್ನು ಹುಟ್ಟಿಸಿ ಬಿಟ್ಟಿದ್ದರು. ಇಂಗ್ಲಿಷಿನವರ ಅಪ್ಪನಾಣೆಗೂ ಇಲ್ಲದ ಪದಗಳು. ‘ಕ್ವಾಝಲ್’, ನೀರು ಹೊಕ್ಕ ಬೂಟು ಮೆಟ್ಟಿಲು ಹತ್ತುವಾಗ ಮಾಡುವ ಸದ್ದು. ‘ಝುಬೆಕ್’, ಯಾವ ಪಾತ್ರೆಗೂ ಕೂರದ ಮುಚ್ಚಳ. ಮದುವೆ ಫೋಟೋದಲ್ಲೂ ನಗದ ಮನುಷ್ಯ ತನ್ನೆಲ್ಲ ತಮಾಷೆಯನ್ನು ಈ ಕಾರ್ಡುಗಳಲ್ಲಿ ಬಚ್ಚಿಟ್ಟಿದ್ದರು.

“ಇದು ಗೊತ್ತಿರೋದು ಇಬ್ಬರಿಗೇ ಕಣೋ,” ಎಂದಿದ್ದರು ಭಾವ, ಹಿಂದೊಮ್ಮೆ, ಬಾಗಿಲು ಹಾಕಿಕೊಂಡು. “ನನಗೆ, ನಿನಗೆ. ನಿಮ್ಮಕ್ಕನಿಗೂ ಹೇಳಿಲ್ಲ. ಗುಟ್ಟು ಇಟ್ರೆ ನಿನ್ನ ಹೊಟ್ಟೇಲೇ ಇಡಬೇಕು.”

ಉಡನ ಹೊಟ್ಟೆ ಅಂದರೆ ಹೊಟ್ಟೆ. ಅಲ್ಲಿಗೆ ಹೋದ ಗುಟ್ಟು ಅಜೀರ್ಣವಾಗಿಯೂ ಹೊರಗೆ ಬಂದದ್ದಿಲ್ಲ.

ಈಗ ನೋಡಿದರೆ ಕಳ್ಳ ಪುಸ್ತಕದಲ್ಲಿ ಎಲ್ಲ ಪದಗಳೂ ಇವೆ, ಸುಳ್ಳು ಪದ ಒಂದೂ ಇಲ್ಲ. ಕದ್ದವರು ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ತೆಗೆದಿದ್ದಾರೆ. ಅಂದರೆ ಯಾವುದು ಕಲ್ಲೆಂದು ಅವರಿಗೆ ಗೊತ್ತಿತ್ತು.

ಗೊತ್ತಿದ್ದದ್ದು ಇಬ್ಬರಿಗೆ.

ಭಾವ ತಮ್ಮ ಮನೆಗೆ ತಾವೇ ಕನ್ನ ಹಾಕುವವರಲ್ಲ. ಆ ಪುಸ್ತಕ ಕಂಡ ದಿನ ಗೋಡೆಗೆ ಚಚ್ಚಿಕೊಂಡ ಹಣೆಯ ಗಾಯ ಇನ್ನೂ ಮಾಗಿರಲಿಲ್ಲ, ಆಮೇಲೆ ಆ ಪುಸ್ತಕವನ್ನು ಅವರು ತೆರೆದೂ ನೋಡಿರಲಿಲ್ಲ. ಹಾಗಾದರೆ ಉಳಿದವನು?

“ನಾನೇ,” ಎಂದ ಉಡ. “ಥೂ, ನನ್ನನ್ನೇ ನಾನು ಹಿಡೀಬೇಕಲ್ಲ!”

ನಗು ಬರಲಿಲ್ಲ.

ಯಾಕೆಂದರೆ ಕೆಳಗಿನ ಕೋಣೆಯಲ್ಲಿ ಟಕಟಕ ಕೂತಿದ್ದಳು. ಭಾವ ಓದಿ ಹೇಳಿದ್ದನ್ನು ಟೈಪ್ ಮಾಡುವವಳು, ಯಂತ್ರದ ಸದ್ದೇ ಅವಳಿಗೆ ಹೆಸರಾಗಿ ಅಂಟಿಕೊಂಡಿತ್ತು. ಅವಳ ಬೆರಳು ಎಷ್ಟು ಚುರುಕೆಂದರೆ ನಿದ್ದೆಯಲ್ಲೂ ಹೊದಿಕೆಯ ಮೇಲೆ ಆಡುತ್ತವೆ, ಬೆಳಿಗ್ಗೆ ಅವಳ ತಾಯಿ ಹೊದಿಕೆ ಓದಿ ಮಗಳ ಕನಸು ತಿಳಿದುಕೊಳ್ಳುತ್ತಾಳೆ ಎಂದು ಮನೆಯವರೆಲ್ಲ ಕಾಲೆಳೆಯುತ್ತಿದ್ದರು. ಈಗ ಯಾರೂ ಎಳೆಯುತ್ತಿರಲಿಲ್ಲ. ಪುಸ್ತಕ ಪೂರ್ತಿ ಕಂಡ ಹೊರಗಿನವಳು ಅವಳೊಬ್ಬಳೇ ಎಂದು ಭಾವ ಅವಳ ಯಂತ್ರಕ್ಕೆ ಬೀಗ ಹಾಕಿ, ಮುದ್ರಕರ ಸಂಘದ ಅಧ್ಯಕ್ಷರನ್ನು ಕರೆತರಲು ಹೋಗಿದ್ದರು.

“ಸಂಜೆ ಅವರ ಮುಂದೆ ನೀನು ಅವಳ ಹೆಸರು ಹೇಳು, ಸಾಕು,” ಎಂದಿದ್ದರು ಹೊರಡುವಾಗ. “ಆಮೇಲೆ ಈ ಪೇಟೇಲಿ ಯಾವ ಪ್ರೆಸ್ಸೂ ಅವಳಿಗೆ ಬಾಗಿಲು ತೆಗೆಯಲ್ಲ. ಪೊಲೀಸರು ಬೇರೆ.”

ಉಡ ಮೆಟ್ಟಿಲ ಮೇಲಿನಿಂದ ಕೂಗಿದ. “ತಂಗೀ, ಸ್ವಲ್ಪ ಮೇಲೆ ಬಾಮ್ಮ.”

ಟಕಟಕ ಬಂದು ಬಾಗಿಲಲ್ಲೇ ನಿಂತಳು. ಅತ್ತು ಅತ್ತು ಮೂಗು ಟೊಮೇಟೋ ಆಗಿತ್ತು.

“ನನ್ನನ್ನ ಕೇಳೋಕೆ ಏನಿದೆ ಅಣ್ಣ? ಎಲ್ಲರೂ ತೀರ್ಮಾನ ಮಾಡ್ಕೊಂಡೇ ಬಂದಿದ್ದೀರಲ್ಲ.”

“ಕೂತ್ಕೋ. ಒಂದು ಆಟ ಆಡೋಣ.”

“ಕತ್ತಿಗೆ ಹಗ್ಗ ಹಾಕಿ ಆಟ ಅಂತೀರಾ?”

ಉಡ ಕೆಲವು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದ. “ಇದ್ರಲ್ಲಿ ಒಂದು ಸುಳ್ಳು. ಇಂಗ್ಲಿಷಲ್ಲಿ ಇಲ್ವೇ ಇಲ್ಲ, ಯಾರೋ ಹುಟ್ಟಿಸಿದ್ದು. ಯಾವ್ದು ಹೇಳು.”

“ಹುಟ್ಟಿಸಿದ್ದಾ?” ಅವಳು ಬಾಯಿ ತೆರೆದಳು. “ಪದಾನ ಯಾರಾದ್ರೂ ಹುಟ್ಟಿಸ್ತಾರಾ?” ಬಗ್ಗಿ ನೋಡಿ, ಒಂದು ಕಾರ್ಡನ್ನು ಥಟ್ಟನೆ ಎತ್ತಿಕೊಂಡಳು. “ಇದೇ! ಸಿಝಿಜಿ. ಟೈಪ್ ಮಾಡುವಾಗ್ಲೇ ಅನ್ಕೊಂಡೆ, ಇದ್ಯಾವ ಪದ, ಯಾರಿಗೋ ಸೀನು ಬಂದಿದ್ದನ್ನ ಬರ್ಕೊಂಡಿದ್ದಾರೆ ಅಂತ.”

ಅದು ನಿಜವಾದ ಪದ. ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿನಲ್ಲಿ ನಿಲ್ಲುವುದು.

“ಮತ್ತೆ ಇದು?” ಉಡ ಕ್ವಾಝಲ್ ಕಾರ್ಡನ್ನು ಮುಂದೆ ತಳ್ಳಿದ.

ಅವಳ ಮುಖ ಅರಳಿತು. “ಇದು ಸುಳ್ಳಾಗೋಕೆ ಸಾಧ್ಯಾನೇ ಇಲ್ಲ ಬಿಡಿ. ನಮ್ಮನೇಲಿ ದಿನಾ ಹೇಳ್ತೀವಲ್ಲ! ಮಳೇಲಿ ನಾನು ಮೆಟ್ಟಿಲು ಹತ್ತಿದ್ರೆ ಸಾಕು, ಅಮ್ಮ ಒಳಗಿಂದಾನೇ ಕೂಗ್ತಾಳೆ, ‘ಕ್ವಾಝಲ್ ಬಂತು, ಬೂಟು ಆಚೆ ಬಿಡು’ ಅಂತ. ಪಕ್ಕದ ಮನೆಯೋರೂ ಕಲ್ತಿದ್ದಾರೆ.”

“ಅದೇ ಕಣಮ್ಮ ಸುಳ್ಳು.”

“ಹೋಗಿ ಅಣ್ಣ.”

“ನಿಮ್ಮ ಯಜಮಾನ್ರೇ ಹುಟ್ಟಿಸಿದ್ದು.”

ಅವಳು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಮ್ಮೆಲೇ ಕಣ್ಣು ತುಂಬಿಕೊಂಡಿತು. “ಅಯ್ಯೋ, ಅಮ್ಮನಿಗೆ ಏನಂತ ಹೇಳ್ಲಿ? ಅವಳಿಗೆ ಬರೋ ಇಂಗ್ಲಿಷೇ ಅದೊಂದು.”

ಉಡ ಎಂತೆಂಥ ಕಳ್ಳರ ಅಳು ಕಂಡವನು. ಸುಳ್ಳು ಪದ ಸತ್ತುಹೋಯಿತೆಂದು ಅತ್ತವರನ್ನು ಕಂಡಿರಲಿಲ್ಲ. ಕಲ್ಲು ಯಾವುದೆಂದು ತಿಳಿಯದವಳು ಕಲ್ಲು ಆರಿಸಿದ್ದಾದರೂ ಹೇಗೆ? ಇವಳಲ್ಲ. ಅವನ ಕೈಯಲ್ಲಿದ್ದ ಉಡದ ಪಟ್ಟು ಅಷ್ಟಕ್ಕೇ ಸಡಿಲವಾಯಿತು.

“ಹೋಗು, ಮುಖ ತೊಳ್ಕೋ. ನೀನಲ್ಲ ಅಂತ ನಾನು ಹೇಳ್ತೀನಿ.”

“ನಿಜವಾಗ್ಲೂ?” ಅವಳು ಅವನ ಮುಖವನ್ನೇ ನೋಡಿದಳು. “ನಿಮ್ಮ ಬಾಯಿ ಮಾತೊಂದೇ ನನಗಿರೋದು ಅಣ್ಣ.”

ಅವಳು ಹೋದ ಮೇಲೆ ಉಡ ಬಾಗಿಲು ಹಾಕಿ ಕೂತ. ಹೇಳುತ್ತೇನೆಂದು ಹೇಳಿದ್ದಾಯಿತು. ಹೇಗೆ ಹೇಳುವುದು? ಇವಳಲ್ಲ ಎನ್ನಬೇಕಾದರೆ ಸುಳ್ಳು ಪದ ಕಾಣೆಯಾದದ್ದನ್ನು ತೋರಿಸಬೇಕು. ತೋರಿಸಿದ ಕ್ಷಣವೇ ಭಾವನ ಬೆರಳು ತಿರುಗುವುದು ಅವನ ಕಡೆಗೆ.

ಕಣ್ಣು ಮುಚ್ಚಿ, ಕಾರ್ಡುಗಳ ಅಂಚನ್ನು ಹೆಬ್ಬೆರಳಿನಲ್ಲಿ ಸುಮ್ಮನೆ ಸವರುತ್ತ ಯೋಚಿಸಿದ. ಸರ್ರನೆ ಹೋಗುತ್ತಿದ್ದ ಬೆರಳಿಗೆ ಏನೋ ಚುಚ್ಚಿತು.

ಕಣ್ಣು ತೆರೆದ. ಕ್ವಾಝಲ್. ಉಳಿದ ಕಾರ್ಡುಗಳ ಬಾಯಿ ಉಗುರಿನ ತುದಿಯಂತೆ ದುಂಡಗೆ, ನಯವಾಗಿ ಇತ್ತು. ಇದರ ಬಾಯಿ ಚೂಪಾಗಿ, ಹಕ್ಕಿಯ ಕೊಕ್ಕಿನಂತೆ. ಝುಬೆಕ್ ಹುಡುಕಿ ಸವರಿದ. ಅದೂ ಕೊಕ್ಕು.

ಉಡನಿಗೆ ತಿಳಿಯಿತು. ಎಲ್ಲ ಕಾರ್ಡುಗಳಿಗೂ ಪಂಚಿನಲ್ಲಿ ಬಾಯಿ ಬಿಡಿಸುವುದು, ಬಸ್ಸಿನ ಕಂಡಕ್ಟರ್ ಕೈಯಲ್ಲಿರುತ್ತದಲ್ಲ, ಅಂಥದ್ದೇ ಕಬ್ಬಿಣದ ಪಂಚು. ಗುಟ್ಟಿನ ಕಾರ್ಡುಗಳನ್ನು ಪಂಚಿಗೆ ಕೊಡಲಾರದೆ ಭಾವ ತಾವೇ ಕದ್ದುಮುಚ್ಚಿ ಕತ್ತರಿಯಲ್ಲಿ ಕತ್ತರಿಸಿದ್ದಾರೆ.

ಟ್ರೇಯಿಂದ ಟ್ರೇಗೆ ಹೋದ. ಇನ್ನೊಂದು ವಿಚಿತ್ರ. ಈ ಕಾರ್ಡುಗಳಿಗೆ ಸಾಲು, ಸರದಿ ಎಂಬುದಿಲ್ಲ. ಎಲ್ಲಿಟ್ಟರೂ ಸೂಜಿ ಹುಡುಕಿಕೊಡುತ್ತದೆ. ಆದರೂ ಪ್ರತಿ ಟ್ರೇಯಲ್ಲೂ ಸುಳ್ಳು ಕಾರ್ಡು ಇದ್ದದ್ದು ಕಟ್ಟಕಡೆಗೆ. ಯಾರೋ ಆರಿಸಿ ತೆಗೆದಿಟ್ಟುಕೊಂಡು, ಟ್ರೇ ಹೋಗಿ ಬಂದ ಮೇಲೆ ಹಿಂದೆ ಸಿಕ್ಕಿಸಿದ್ದಾರೆ. ಓದಿ ಆರಿಸಿದ್ದಲ್ಲ. ಬೆರಳಲ್ಲಿ ಸವರಿ.

ಈ ಕಾರ್ಡುಗಳನ್ನು ದಿನವೆಲ್ಲ ಬೆರಳಲ್ಲಿ ಸವರುವವರು ಈ ಮನೆಯಲ್ಲಿ ಒಬ್ಬರೇ.

ಉಡ ಸೂಜಿಯನ್ನು ಮೆಲ್ಲನೆ ಮೇಜಿನ ಮೇಲಿಟ್ಟ, ಯಾರಾದರೂ ಮಲಗಿರುವ ಮನೆಯಲ್ಲಿ ಇಡುವಂತೆ.

ಅಷ್ಟರಲ್ಲಿ ಗೋಡೆ ಸವರಿಕೊಂಡು ಬರುವ ಕೈಯ ಸದ್ದು ಕೇಳಿತು. ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು, ಒಂದು ಕೈಯಲ್ಲಿ ಚಹಾ, ಒಂದು ಹನಿಯೂ ಚೆಲ್ಲದೆ.

ಅಕ್ಕನಿಗೆ ಕಣ್ಣು ಮಬ್ಬಾಗಿ ಬಹಳ ಕಾಲವಾಗಿತ್ತು. ನೆರಳು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆದರೂ ಭಾವ ಹೇಳಿದ ಅಕ್ಷರಗಳಿಗೆ ತೂತು ಎಣಿಸಿ, ಒಂದೂ ತಪ್ಪದೆ, ಈ ಕೋಣೆಯ ಕಾರ್ಡುಗಳನ್ನೆಲ್ಲ ಕತ್ತರಿಸಿದವಳು ಅವಳೇ. ಏಪ್ರನ್ನಿನ ದಾರಕ್ಕೆ ಪಂಚು ಯಾವಾಗಲೂ ನೇತಾಡುತ್ತಿತ್ತು. ತಾಯಿ ಹೋದ ಮೇಲೆ ಉಡನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದವಳೂ ಅವಳೇ. ಊರಿಗೆಲ್ಲ ಉಡನಾದರೂ ಅವಳಿಗೆ ಇವನು ಪುಟ್ಟ.

“ಬಾಗಿಲು ಹಾಕ್ಕೊಂಡು ಯಾರನ್ನ ಹಿಡೀತಿದ್ದೀಯೋ ಪುಟ್ಟ? ಜಿರಲೇನಾ?”

“ಕೂತ್ಕೋ ಅಕ್ಕ.”

“ನೀನು ಕೂತ್ಕೋ ಅಂದ ಧಾಟಿ ನೋಡಿದ್ರೆ ಯಾರೋ ಸತ್ತಿರಬೇಕು.” ಅವಳು ಕುರ್ಚಿ ಎಳೆದುಕೊಂಡು ಅವನ ಮಂಡಿಗೆ ಮಂಡಿ ತಾಗುವಂತೆ ಕೂತಳು. “ಹೇಳು.”

ಉಡ ಸುಳ್ಳು ಕಾರ್ಡುಗಳನ್ನು ಒಟ್ಟುಮಾಡಿ ಅವಳ ಅಂಗೈಯಲ್ಲಿಟ್ಟ. “ಇವು ಏನು ಹೇಳು.”

ಅವಳ ಹೆಬ್ಬೆರಳು ಅಂಚಿನ ಮೇಲೆ ಓಡಿತು. ನಿಂತಿತು. ಮುಖದಲ್ಲಿ ಏನೂ ಬದಲಾಗಲಿಲ್ಲ, ಬೆರಳು ಮಾತ್ರ ನಿಂತಲ್ಲೇ ನಿಂತಿತು.

“ಕಾರ್ಡು.”

“ಯಾವ ಕಾರ್ಡು?”

“ಚೂಪು ಬಾಯಿಯವು.” ಅಕ್ಕ ಉಸಿರು ಬಿಟ್ಟಳು. “ನಿಮ್ಮ ಭಾವ ನನಗೆ ಗೊತ್ತಾಗದ ಹಾಗೆ ಕತ್ತರಿಸಿದವು. ಗುಟ್ಟು ಬಚ್ಚಿಡೋ ಜಾಗ ನೋಡು! ಹೆಂಡತಿ ದಿನಾ ಕೈಯಾಡಿಸೋ ಟ್ರೇ ಒಳಗೆ.”

“ಅಕ್ಕಾ, ನೀನೇನಾ?”

“ಚಹಾ ಆರಿಹೋಗತ್ತೆ, ಕುಡಿ.”

“ಅಕ್ಕಾ!”

“ನಾನೇ.” ಉಪ್ಪು ಹಾಕಿದ್ದು ನಾನೇ ಎನ್ನುವಷ್ಟು ಹಗುರವಾಗಿ ಹೇಳಿದಳು. “ಒಂದೊಂದೇ ಟ್ರೇ ಇಸ್ತ್ರಿ ಬಟ್ಟೆ ಗಂಟಿನಲ್ಲಿ ಹೋಯ್ತು, ಇಸ್ತ್ರಿ ಬಟ್ಟೆ ಗಂಟಿನಲ್ಲೇ ವಾಪಸ್ ಬಂತು. ಇಸ್ತ್ರಿಯವನ ಪಕ್ಕದ ಮನೇನೇ ಆ ಶಿಷ್ಯ ಹುಡುಗಂದು. ನಿಮ್ಮ ಭಾವನಿಗೆ ಅಂಗಿ ಇಸ್ತ್ರಿ ಆಗಿದ್ರೆ ಆಯ್ತು, ಗಂಟು ಯಾಕೆ ಭಾರ ಅಂತ ಯಾವತ್ತು ಎತ್ತಿ ನೋಡಿದ್ದಾರೆ?”

ಕಳ್ಳರನ್ನು ಹಿಡಿದಾಗ ಉಡನಿಗೆ ಬರುತ್ತಿದ್ದ ಆ ಹಳೆಯ ಹುರುಪು ಎಲ್ಲಿ ಹೋಯಿತೋ. ಯಾರೋ ತನ್ನನ್ನೇ ನಂಬಿಸಿ ಕತ್ತು ಕೊಯ್ದಂತೆ ಅನಿಸಿತು. ಈ ಕೈ ತುತ್ತು ಮಾಡಿ ಬಾಯಿಗಿಟ್ಟ ಕೈ.

“ಯಾಕೆ ಅಕ್ಕ?”

ಅವಳು ಕಾರ್ಡುಗಳನ್ನು ಎಡಗೈಗೆ ಬದಲಿಸಿಕೊಂಡಳು. ಏಪ್ರನ್ನಿನ ದಾರದಿಂದ ಪಂಚು ಬಿಚ್ಚಿ ಬಲಗೈಗೆ ತೆಗೆದುಕೊಂಡಳು. ಕೆಲಸವಿಲ್ಲದೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಮಾತಾಡುವಾಗ ಅವರೆಕಾಯಿ ಸುಲಿಯುವವರಂತೆ. ಕಟಕ್, ಕಟಕ್, ಎನ್ನತೊಡಗಿತು ಪಂಚು. ಉಡ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದೇ ಅನ್ನಿಸುವಷ್ಟು ಹಳೆಯ ಸದ್ದು.

“ಕದ್ದೆ, ಸರಿ. ಸುಳ್ಳು ಪದ ಯಾಕೆ ತೆಗ್ದೆ?” ಎಂದ. “ಬಿಟ್ಟಿದ್ರೆ ನಾನು ನಿನ್ನ ಹತ್ರ ಬರ್ತಾನೇ ಇರ್ಲಿಲ್ಲ.”

“ನನ್ನ ಕೈ ಕತ್ತರಿಸಿದ್ರಲ್ಲಿ ಒಂದೂ ಸುಳ್ಳಿಲ್ಲ ಪುಟ್ಟ. ಕ್ಯೂ ಅಂದ್ರೆ ಕ್ಯೂ, ಝಡ್ ಅಂದ್ರೆ ಝಡ್. ನಾನು ಕತ್ತರಿಸದೇ ಇದ್ದದ್ದು ನನ್ನ ಪುಸ್ತಕದಲ್ಲಿ ಯಾಕಿರಬೇಕು?”

ನನ್ನ ಪುಸ್ತಕ ಎಂದಳು. ಉಡ ಗಮನಿಸಿದ.

ಕಟಕ್.

“ನಿನಗೆ ಹೇಳಿದ್ದಾರಲ್ಲ ನಿಮ್ಮ ಭಾವ, ಈ ಪದಗಳನ್ನ?” ಅಕ್ಕ ಕೇಳಿದಳು. “ಹೇಳು ನೋಡೋಣ. ನಾನೂ ಕೇಳ್ತೀನಿ. ಹೆಂಡತಿಗೆ ಹೇಳದ್ದನ್ನ ಹೆಂಡತಿ ತಮ್ಮ ಹೇಳ್ಲಿ.”

ಅವಳ ತುಟಿಯಲ್ಲಿ ನಗುವಿನಂಥದ್ದು ಕಂಡು ಉಡನಿಗೆ ಸ್ವಲ್ಪ ಧೈರ್ಯ ಬಂತು. ನಕ್ಕರೆ ಗಂಟು ಸಡಿಲವಾದೀತು.

“ಕ್ವಾಝಲ್,” ಎಂದ. “ನೆಂದ ಬೂಟಿನ ಸದ್ದು.”

“ಹ್ಞೂಂ.” ಕಟಕ್.

“ಝುಬೆಕ್. ಯಾವ ಪಾತ್ರೆಗೂ ಕೂರದ ಮುಚ್ಚಳ.”

“ನಮ್ಮ ಅಡುಗೆಮನೇಲಿ ಒಂದಿದೆ.” ಕಟಕ್.

“ಜಿಕ್ಸೋಮ್. ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಮನೆಯೆಲ್ಲ ಹುಡುಕೋನು.”

“ಅವರೇ. ಆಮೇಲೆ?”

“ಆಮೇಲೆ ಕ್ಸಿರಾಕ್.” ಉಡನಿಗೆ ಹೇಳುವ ಮೊದಲೇ ನಗು ಉಕ್ಕಿತು. ಪ್ರತಿ ಸಲವೂ ಹಾಗೇ, ಭಾವ ಅದನ್ನು ಹೇಳಿದ್ದ ಗಂಭೀರ ಮುಖ ನೆನಪಾಗಿ. “ಅಕ್ಷರ ತಿಳೀದೆ ಕಾಗದ ಕೊರೀತಾ ಕೊರೀತಾ ಮುದಿಯಾಗೋ ಒಂದು ಜಾತಿ ಹು...”

ನಗು ಗಂಟಲಲ್ಲೇ ಸಿಕ್ಕಿಕೊಂಡಿತು.

“ಹುಳ,” ಎಂದು ಅಕ್ಕ ಮುಗಿಸಿದಳು.

ಕಟಕ್.

“ಕಣ್ಣು ಕಾಣಲ್ಲ ಅಂತ ಆ ಹುಡುಗನ ಹತ್ರ ಓದಿಸಿದೆ. ಅವನು ಜಗಳಾಡಿ ಹೋಗೋ ಮೊದಲು. ಚೂಪು ಬಾಯಿಯವು ಯಾಕೆ ಬೇರೆ ಅಂತ ತಿಳ್ಕೋಬೇಕಿತ್ತು ಅಷ್ಟೇ. ಎಲ್ಲಾ ಓದಿದ, ಇದು ಬಂದಾಗ ಬಾಯಿ ಮುಚ್ಕೊಂಡ. ಓದೋ ಅಂತ ಗದರಿಸಿದೆ.” ಅವಳು ಕಾರ್ಡನ್ನು ಬೆರಳಲ್ಲಿ ತಿರುವಿದಳು. “ಆ ಹುಳ ಯಾರೋ ಪುಟ್ಟ?”

“ಅಕ್ಕಾ, ನಿನ್ನಾಣೆ, ನನಗೆ ಹೊಳೀಲೇ ಇಲ್ಲ.”

“ಹೊಳೀಲಿಲ್ಲ ಸರಿ. ಅವರು ಹೇಳ್ದಾಗ ನಕ್ಕಿದ್ಯಾ?”

ಕಳ್ಳರಿಗೆ ಬೆವರಿಳಿಸುವ ಪ್ರಶ್ನೆ ಕೇಳುತ್ತಿದ್ದವನು ಆರಿದ ಚಹಾ ಎತ್ತಿ, ಕುಡಿಯದೆ ಮತ್ತೆ ಇಟ್ಟ.

“ಈಗ ನಕ್ಕ ಹಾಗೇನಾ? ಇಬ್ಬರೂ ಬಾಗಿಲು ಹಾಕ್ಕೊಂಡು? ನಾನು ಕೆಳಗೆ ನಿಮ್ಮಿಬ್ಬರಿಗೂ ಅಡುಗೆ ಮಾಡ್ತಿದ್ದಾಗ?”

“ಅಕ್ಕಾ...”

“ಅವರು ಬರೆದದ್ದು ದೊಡ್ಡದಲ್ಲ ಬಿಡು. ಅವರು ಕಾರ್ಡು ನೋಡ್ತಾರೆ, ಮನುಷ್ಯರನ್ನ ನೋಡಲ್ಲ. ನೀನೂ ನಕ್ಕೆಯೇನೋ ಅಂತ ಇಷ್ಟು ದಿನ ಒಂದು ಅನುಮಾನ ಇತ್ತು. ಈಗ ಕೇಳಿಸ್ಕೊಂಡೆ.”

ಕೆಳಗೆ ಬೀದಿ ಬಾಗಿಲು ತೆರೆದ ಸದ್ದು. ಭಾವನ ಕೆಮ್ಮು, ಅದರ ಹಿಂದೆ ಇನ್ನೊಬ್ಬರ ಭಾರದ ಹೆಜ್ಜೆ.

ಉಡ ಅಕ್ಕನ ಮೊಣಕೈ ಹಿಡಿದ. “ನನ್ನ ಮೇಲೆ ಸಿಟ್ಟಿದ್ರೆ ನಾಲ್ಕು ಬಾರಿಸು, ಆಮೇಲೆ. ಆ ಹುಡುಗಿ ಹೊಟ್ಟೆ ಮೇಲೆ ಹೊಡೀಬೇಡ ಅಕ್ಕ. ಅವಳೇನು ಮಾಡಿದ್ಲು? ನೀನೇ ಹೇಳಿಬಿಡು. ಭಾವ ಕೂಗಾಡ್ಲಿ, ನಾನು ಪಕ್ಕದಲ್ಲಿರ್ತೀನಿ.”

ಅಕ್ಕ ಪಂಚನ್ನು ಇನ್ನೆರಡು ಸಲ ಕಟಕ್ ಎನ್ನಿಸಿದಳು. ಆಮೇಲೆ ಅವನ ಕೆನ್ನೆ ಹುಡುಕಿ, ತಟ್ಟಿದಳು.

“ಅವಳಿಗೇನೂ ಆಗಲ್ಲ. ನಾನು ಹೇಳ್ತೀನಿ. ನೀನು ಮಾತ್ರ ಬಾಯಿ ಹಾಕ್ಬೇಡ, ನನ್ನ ಮನೆ ವಿಷಯ.”

“ಇಲ್ಲ, ಹಾಕಲ್ಲ.”

“ಇದನ್ನ ಹಿಡ್ಕೋ. ಕೈ ಸೋತುಹೋಗಿದೆ.” ಕಾರ್ಡುಗಳನ್ನೂ ಪಂಚನ್ನೂ ಅವನ ಕೈಗೆ ಹಾಕಿ, ಎದ್ದು, ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕೂತಳು.

ಉಡನಿಗೆ ಎದೆಯ ಮೇಲಿಂದ ಬೀಸುವ ಕಲ್ಲು ಇಳಿದಂತಾಯಿತು. ಎಷ್ಟಾದರೂ ಅಕ್ಕ. ಬಿದ್ದರೂ ನೆಟ್ಟಗೆ ಬೀಳುವವಳು.

ಭಾವ ಒಳಗೆ ಬಂದರು, ಹಣೆಗೆ ಪಟ್ಟಿ. ಹಿಂದೆ ಸಂಘದ ಅಧ್ಯಕ್ಷರು, ಮೆಟ್ಟಿಲು ಹತ್ತಿದ ಸುಸ್ತಿಗೆ ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತ. ಎಲ್ಲರ ಹಿಂದೆ ಟಕಟಕ, ಮುಖ ತೊಳೆದು, ಉಡನ ಮೇಲೆ ಕಣ್ಣಿಟ್ಟು.

“ಹೇಳಯ್ಯಾ ಉಡ,” ಎಂದರು ಭಾವ. “ಯಾರು?”

“ಈ ಹುಡುಗಿ ಅಲ್ಲ ಭಾವ.” ಉಡ ಟಕಟಕಳತ್ತ ತಲೆಯಾಡಿಸಿದ. ಅವಳು ಕಣ್ಣು ಮುಚ್ಚಿ ಬಾಗಿಲಿಗೆ ಒರಗಿಕೊಂಡಳು. “ಉಳಿದದ್ದು ಅಕ್ಕ ಹೇಳ್ತಾಳೆ.”

ಭಾವ ಹೆಂಡತಿಯ ಕಡೆ ತಿರುಗಿದರು. “ನೀನಾ? ನಿನಗೇನು ಗೊತ್ತು?”

“ನನಗೇನು ಗೊತ್ತಿರತ್ತೆ ರೀ,” ಎಂದಳು ಅಕ್ಕ. “ಕೊರೆಯೋದು ಬಿಟ್ಟು. ಒಂದು ಮಾತು ಕೇಳ್ಲಾ? ನೀವೇನೋ ಸುಳ್ಳು ಪದ ಹಾಕಿದ್ರಂತಲ್ಲ, ಗುಟ್ಟಾಗಿ. ಆ ಪುಸ್ತಕದಲ್ಲಿ ಅವು ಇದಾವಾ, ನೋಡಿ.”

ಭಾವ ಗರಬಡಿದವರಂತೆ ನಿಂತರು. ಆಮೇಲೆ ಮೇಜಿಗೆ ನುಗ್ಗಿ ಪುಸ್ತಕ ಕಿತ್ತುಕೊಂಡು ಪುಟ ಹಾರಿಸಿದರು. ಕ್ಯೂ ನೋಡಿದರು, ಝಡ್ ನೋಡಿದರು, ಎಕ್ಸ್ ನೋಡಿದರು. ಮೆಲ್ಲಗೆ ತಲೆಯೆತ್ತಿದರು.

“ಒಂದೂ ಇಲ್ಲ.”

“ಯಾರಿಗೆ ಹೇಳಿದ್ರಿ ಅದನ್ನ?” ಅಕ್ಕನ ಸ್ವರ ಜೇನಿನಷ್ಟು ಮೃದು. “ನನಗಂತೂ ಹೇಳಿಲ್ಲ. ಈಗ ಈ ಪುಟ್ಟ ಬಾಯಿ ಬಿಟ್ಟ ಮೇಲೇ ನನಗೆ ಗೊತ್ತಾಗಿದ್ದು. ಅಷ್ಟೂ ಪದ ಬಾಯಿಪಾಠ ಹೇಳ್ದ ರೀ. ನಕ್ಕೊಂಡು.”

ಉಡ ಕಿಟಕಿಯತ್ತ ಒಂದು ಹೆಜ್ಜೆ ಇಟ್ಟ. “ಅಕ್ಕಾ, ಏನು ಹೇಳ್ತಿದ್ದೀಯ?”

ಭಾವ ಅವನನ್ನೇ ನೋಡುತ್ತಿದ್ದರು.

“ಭಾವ, ಒಂದು ನಿಮಿಷ. ಕಾರ್ಡು ನೋಡಿ, ಕಾರ್ಡು! ನೀವು ಕತ್ತರಿಸಿದ್ದು ಚೂಪಗಿದೆ. ಮುಟ್ಟಿದ್ರೆ ಗೊತ್ತಾಗತ್ತೆ. ಅಕ್ಕ ಮುಟ್ಟಿ ಕಂಡುಹಿಡಿದಿದ್ದು. ಮುಟ್ಟಿ ನೋಡಿ!”

ಭಾವ ಕಾರ್ಡುಗಳನ್ನು ಅವನ ಕೈಯಿಂದ ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸಿದರು. ಒಮ್ಮೆ. ಇನ್ನೊಮ್ಮೆ. ಒಂದನ್ನು ಬೆಳಕಿಗೆ ಹಿಡಿದರು.

“ಕತ್ತರೀಲೇ ಕತ್ತರಿಸಿದ್ದೆ ನಾನು,” ಎಂದರು ನಿಧಾನವಾಗಿ. “ಇದು ದುಂಡಗಿದೆ. ಎಲ್ಲಾ ದುಂಡಗಿದೆ. ಈಗಷ್ಟೇ ಕತ್ತರಿಸಿದ ಹಾಗಿದೆ.”

ಅಧ್ಯಕ್ಷರು ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ಅವರ ಕಣ್ಣು ಉಡನ ಬಲಗೈ ಮೇಲಿತ್ತು. ಅಲ್ಲಿ ಪಂಚು ಇತ್ತು. ಅವನ ಪ್ಯಾಂಟಿನ ಮಂಡಿಯ ಮೇಲೆ, ಬೂಟಿನ ಮೇಲೆ, ಬಿಳಿ ಕಾಗದದ ಸಣ್ಣ ಸಣ್ಣ ಚೂರುಗಳು, ಆಗತಾನೇ ಉದುರಿದವು.

“ಬಾಗಿಲು ಹಾಕ್ಕೊಂಡು ಒಬ್ನೇ ಕೂತಿದ್ದ ಪಾಪ,” ಎಂದಳು ಅಕ್ಕ. “ಕಟಕಟ ಅಂತ ಸದ್ದು ಬರ್ತಿತ್ತು. ಚಹಾ ಕೊಡೋಣ ಅಂತ ಬಂದೆ.”

“ಹೌದು, ನಾನೂ ಕೇಳಿಸ್ಕೊಂಡೆ ಮೆಟ್ಟಿಲ ಹತ್ರ,” ಎಂದಳು ಟಕಟಕ, ಅರ್ಧ ದನಿಯಲ್ಲಿ. ಅವಳು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. “ಅಣ್ಣಾ... ನೀವಾ?”

“ಅಲ್ಲಮ್ಮ! ಅಕ್ಕಾ, ಹೇಳು. ಹೇಳ್ತೀನಿ ಅಂದೆಯಲ್ಲ, ಈಗ ತಾನೇ!”

“ಮನೆಗೆ ಸೇರಿಸ್ಕೊಂಡಿದ್ದೆ ಕಣೋ ನಿನ್ನ,” ಎಂದರು ಭಾವ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ನನ್ನ ಹೊಟ್ಟೇಲಿದ್ದದ್ದು ನಿನ್ನ ಹೊಟ್ಟೇಲಿಟ್ಟಿದ್ದೆ.”

“ನಾನಲ್ಲ ಭಾವ. ಸತ್ಯವಾಗಿಯೂ ನಾನಲ್ಲ.”

ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂತಿದ್ದ ಅಕ್ಕ ಮಬ್ಬು ಕಣ್ಣನ್ನು ಅವನ ದನಿ ಬಂದ ಕಡೆ ತಿರುಗಿಸಿದಳು.

“ಅವನ ಕಿವಿ ನೋಡಿ ರೀ,” ಎಂದಳು. “ನನಗೆ ಕಾಣಲ್ಲ. ಚಿಕ್ಕಂದಿನಿಂದ್ಲೂ ಅಷ್ಟೇ, ಸುಳ್ಳು ಹೇಳಿದ್ರೆ ಸಾಕು, ಇವನ ಕಿವಿ ಕೆಂಡ ಆಗತ್ತೆ.”

ಮೂವರೂ ನೋಡಿದರು.

ಉಡನ ಎರಡೂ ಕಿವಿ ಹೊತ್ತಿಕೊಂಡು ಉರಿಯುತ್ತಿದ್ದವು.